ಜೋಡಿಗಾರನ ತುಟಿಗೆ ನನ್ನ ದನಿ

ಸತ್ತವನ ಬಾಯಿಗೆ ಮಾತು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಹೋದ ವರ್ಷ ದೀಪಾವಳಿ ಮುಗಿದ ವಾರ. ನಿರ್ದೇಶಕನ ಫೋನು ಬಂದಾಗ ನಾನು ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ ಡಾಕ್ಟರು ಹೇಳಿದಷ್ಟು ನಡೆದು, ಅವರು ಬೇಡವೆಂದ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದೆ.

“ಕಾಕಾ, ನಿಮ್ಮ ಡಬ್ಬಿಂಗ್ ಮುಗದೈತಿ. ಆದ್ರ ಅವರದು ಹಂಗ ಉಳದೈತಲ್ರಿ. ಏನ ಮಾಡೂಣು?” ಅಂದ.

‘ಅವರು’ ಅಂದರೆ ನನ್ನ ಜೋಡಿಗಾರ. ಕಂಪನಿ ನಾಟಕಗಳಲ್ಲಿ ಇಪ್ಪತ್ತೆಂಟು ವರ್ಷ ನಾವಿಬ್ಬರೂ ಹಾಸ್ಯದ ಜೋಡಿ. ಅವನು ಮಾತು ಎಸೆಯುವವನು, ನಾನು ಹಿಡಿಯುವವನು. ಕಂಪನಿ ಮುಚ್ಚಿದ ಮೇಲೆ ನಾನು ಸಿನಿಮಾ, ಧಾರಾವಾಹಿ ಎಂದು ಅಲೆದು ಪೇದೆ, ಪೂಜಾರಿ, ಖಳನಾಯಕನ ಮಾವ ಎಲ್ಲ ಆದೆ. ಅವನು ಖಾನಾಪುರ ಬಿಟ್ಟು ಬರಲಿಲ್ಲ. ಹತ್ತು ವರ್ಷದ ನಂತರ ಈ ಸಿನಿಮಾದಲ್ಲಿ ಮತ್ತೆ ಕೂಡಿದೆವು. ರೈಲ್ವೆಯಿಂದ ನಿವೃತ್ತರಾದ ಇಬ್ಬರು ಮುದುಕರು, ದಿನಾ ಲೋಂಡಾ ಸ್ಟೇಷನ್ನಿಗೆ ಬಂದು ಕೂತು ಹೋಗಿಬರುವ ಮಂದಿಗೆ ಕಥೆ ಹೇಳುವವರು. ಮೇ ತಿಂಗಳಲ್ಲಿ ಖಾನಾಪುರ ಮತ್ತು ಲೋಂಡಾದಲ್ಲಿ ಚಿತ್ರೀಕರಣ ಮುಗಿಯಿತು. ಅದಾದ ಮೂರನೇ ವಾರ, ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಅವನು ಹೋಗಿಬಿಟ್ಟ. ಹೃದಯ ನಿಂತಿದೆ ಅಂದರು ಡಾಕ್ಟರು.

ಹನ್ನೊಂದು ದೃಶ್ಯಗಳಲ್ಲಿ ಅವನ ತುಟಿ ಆಡುತ್ತಿತ್ತು, ಮಾತು ಇರಲಿಲ್ಲ. ನಿರ್ದೇಶಕ ಮೂರು ದಾರಿ ಹೇಳಿದ. ಮಿಮಿಕ್ರಿ ಮಾಡುವ ಒಬ್ಬರನ್ನು ಕರೆಸುವುದು. ಹಳೆಯ ರೆಕಾರ್ಡಿಂಗ್ ಕೊಟ್ಟು ಕಂಪ್ಯೂಟರಿನಿಂದ ಅವನ ದನಿ ಮಾಡಿಸುವುದು. ಎರಡೂ ಆಗದಿದ್ದರೆ ಅವನ ಪಾತ್ರವನ್ನು ಎರಡು ದೃಶ್ಯಕ್ಕೆ ಇಳಿಸಿಬಿಡುವುದು.

“ಕಂಪ್ಯೂಟರ್ ದನಿ ಮಾಡೀತಪಾ. ಏನ ಹೇಳಬೇಕಂತ ಅದಕ್ಕ ಯಾರು ಹೇಳವರು? ನಾ ಮಾಡ್ತೀನಿ. ನಾಕ ದಿನಾ ಕೊಡು,” ಅಂದೆ.

ನಿರ್ದೇಶಕ ಒಪ್ಪಿದ. ಆದರೆ ಐದನೇ ದಿನ ಚಿತ್ರ ಮುಂದಿನ ಕೆಲಸಕ್ಕೆ ಹೊರಗೆ ಹೋಗಬೇಕು, ಅಷ್ಟರೊಳಗೆ ಆಗದಿದ್ದರೆ ಕತ್ತರಿಯೇ ಗತಿ ಎಂದೂ ಹೇಳಿದ. ಒಪ್ಪಿಕೊಳ್ಳುವಾಗ ನನಗೆ ದೊಡ್ಡಸ್ತಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಕಂಪನಿ ನಾಟಕ ಪರದೆ ಬಿದ್ದ ಕೂಡಲೇ ಮುಗಿಯುತ್ತದೆ. ಜೋಡಿಗಾರ ಇಪ್ಪತ್ತೆಂಟು ವರ್ಷ ಮಾಡಿದ್ದೆಲ್ಲ ಹಾಗೇ ಗಾಳಿಗೆ ಹೋಗಿತ್ತು. ನಾಳೆ ಯಾರಾದರೂ ನೋಡಬಹುದಾದದ್ದು ಈ ಸಿನಿಮಾ ಒಂದೇ.

ಸ್ಟುಡಿಯೋ ಇದ್ದದ್ದು ಶಹಾಪುರದಲ್ಲಿ, ಮಗ್ಗದ ಓಣಿಯ ಒಂದು ಮನೆಯ ಮಹಡಿಯ ಮೇಲೆ. ಗೋಡೆಗೆ ಗಾದಿಯಂಥದ್ದನ್ನು ಹೊಡೆದು ಸಪ್ಪಳ ತಡೆದಿದ್ದರು. ಆದರೆ ಬಾಜೂ ಮನೆಯ ಮಗ್ಗಗಳ ಬಡಿತ ನೆಲದೊಳಗಿಂದ ಏರಿ ಕಾಲಿಗೆ ಬಂದು, ಅಲ್ಲಿಂದ ಮೈಕಿಗೆ ಹತ್ತುತ್ತಿತ್ತು. ಹೀಗಾಗಿ ಮಗ್ಗಗಳಿಗೆ ವಾರದ ರಜೆಯ ದಿನ ಪೂರ್ತಿ ಕೆಲಸ, ಉಳಿದ ದಿನ ನೇಕಾರರು ಊಟಕ್ಕೆ ಎದ್ದ ಒಂದು ತಾಸು ಮಾತ್ರ. ಸೌಂಡ್ ಎಂಜಿನಿಯರ್ ಅದೇ ಓಣಿಯ ನೇಕಾರರ ಮನೆಯ ಹೆಣ್ಣುಮಗಳು. “ನಮ್ಮ ಅಪ್ಪಾರು ಮಗ್ಗಾ ನಿಲ್ಲಿಸಿದ್ರ ನನ್ನ ಕೆಲಸಾ ಶುರು ನೋಡ್ರಿ ಕಾಕಾ,” ಅಂದಳು.

ಡಬ್ಬಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು. ದೃಶ್ಯವನ್ನು ಚಿಕ್ಕ ಚಿಕ್ಕ ತುಣುಕು ಮಾಡಿ ಪರದೆಯ ಮೇಲೆ ತಿರುಗಾ ಮುರುಗಾ ಬಿಡುತ್ತಾರೆ. ಕಿವಿಯಲ್ಲಿ ಹೆಡ್‌ಫೋನು. ಮೂರು ಸಲ ಪೀಂ ಎಂದು ಸದ್ದಾಗುತ್ತದೆ, ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಬಾಯಿ ತೆರೆಯಬೇಕು. ಪ, ಬ, ಮ ಇವು ನಮಗೆ ಗೂಟಗಳು. ಇವನ್ನು ಅನ್ನುವಾಗ ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ಮುಚ್ಚಿದಾಗ ನಿನ್ನ ಮಾತಿನಲ್ಲೂ ಮುಚ್ಚಿದರೆ ಉಳಿದದ್ದು ಹೇಗೋ ಕೂಡುತ್ತದೆ. ಶೂಟಿಂಗಿನಲ್ಲಿ ಹಿಡಿದ ಕಚ್ಚಾ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಅದರ ಬೆನ್ನು ಹತ್ತಿ ಹೇಳಿಕೊಂಡು ಹೋಗುತ್ತೇವೆ.

ಮೊದಲ ದಿನ ರಜೆಯ ದಿನ. ಏಳು ದೃಶ್ಯಗಳ ಕಚ್ಚಾ ಸದ್ದು ಚೆನ್ನಾಗಿಯೇ ಇತ್ತು. ನಾನು ಅವನ ದನಿಯಲ್ಲಿ ಜೋರಾಗಿ ಶುರು ಹಚ್ಚಿಕೊಂಡೆ. ಕಂಪನಿಯಲ್ಲಿ ಅವನಿಗೆ ಜ್ವರ ಬಂದಾಗ ಪರದೆಯ ಹಿಂದೆ ನಿಂತು ಅವನ ಮಾತನ್ನು ನಾನು ಹೇಳಿದ್ದೂ ಉಂಟು, ಮಂದಿಗೆ ಗೊತ್ತಾಗಿರಲಿಲ್ಲ. ನಾಲ್ಕು ತುಣುಕು ಮುಗಿಸಿ ಶಾಭಾಷ್‌ಗಿರಿಗಾಗಿ ಗಾಜಿನ ಆಚೆ ನೋಡಿದರೆ ಎಂಜಿನಿಯರ್ ತಲೆ ತಗ್ಗಿಸಿ ಕೂತಿದ್ದಳು.

“ಸಿಟ್ಟಿಗೇಳಬ್ಯಾಡ್ರಿ ಕಾಕಾ. ನೀವು ಅವರನ್ನ ಅಣಕಸಾಕತ್ತೀರಿ.”

ಸಿಟ್ಟು ಬಂತು. ನಲವತ್ತು ವರ್ಷ ಬಣ್ಣ ಹಚ್ಚಿದವನಿಗೆ ಬುದ್ಧಿ ಹೇಳುತ್ತಾಳೆ ಅನ್ನಿಸಿತು. ರೆಕಾರ್ಡ್ ಮಾಡಿದ್ದನ್ನು ಮತ್ತೆ ಕೇಳಿಸಿದಳು. ಖರೆ, ಅಣಕವೇ. ಒಬ್ಬರ ದನಿ ತೆಗೆಯುವುದೆಂದರೆ ಅವರ ಡೊಂಕನ್ನು ಹಿಗ್ಗಿಸುವುದು, ಮಂದಿ ಅದಕ್ಕೇ ನಗುತ್ತಾರೆ. ಇಲ್ಲಿ ಅವನು ಇರಬೇಕಿತ್ತು, ಅವನ ಡೊಂಕು ಮಾತ್ರ ಬಂದು ಕೂತಿತ್ತು. ದನಿ ತೆಗೆಯುವುದನ್ನೇ ಬಿಟ್ಟೆ. ಅವನು ಯಾವಾಗಲೂ ಎಡಗಲ್ಲದಲ್ಲಿ ಅಡಕೆಯ ಹೋಳು ಒತ್ತಿಕೊಂಡಿರುತ್ತಿದ್ದ. ಓಣಿಯ ಅಂಗಡಿಯಿಂದ ಒಂದು ಹೋಳು ತರಿಸಿ ನಾನೂ ಅಲ್ಲೇ ಇಟ್ಟುಕೊಂಡೆ. ನಾಲಿಗೆ ಅದನ್ನು ಕಾಯುತ್ತ ನಿಧಾನವಾಯಿತು, ಮಾತು ತಾನಾಗಿ ಅವನ ಹದಕ್ಕೆ ಬಂತು. ಸಂಜೆಯೊಳಗೆ ಏಳೂ ದೃಶ್ಯ ಮುಗಿದವು.

ಎರಡನೇ ದಿನ ಊಟದ ತಾಸಿನಲ್ಲಿ ಉಳಿದ ನಾಲ್ಕಕ್ಕೆ ಕೈ ಹಾಕಿದೆವು. ನಾಲ್ಕೂ ಲೋಂಡಾದವು. ಅಲ್ಲಿ ಕಾಡಿನ ಜೀರುಂಡೆ, ಅದರ ಮೇಲೆ ಗೂಡ್ಸ್ ಗಾಡಿ. ಪ್ಯಾಸೆಂಜರ್ ಗಾಡಿಗಾದರೂ ವೇಳಾಪಟ್ಟಿ ಉಂಟು, ಗೂಡ್ಸಿಗೆ ಹೇಳುವವರು ಕೇಳುವವರು ಇಲ್ಲ. ಕಚ್ಚಾ ಸದ್ದಿನಲ್ಲಿ ಗಾಲಿಗಳ ಗಡಗಡ ಬಿಟ್ಟರೆ ಏನೂ ಇರಲಿಲ್ಲ. ಬರೆದ ಸಂಭಾಷಣೆ ಇದೆಯಲ್ಲ, ಅದನ್ನೇ ಹೇಳಿದರಾಯಿತು ಅಂದುಕೊಂಡೆವು. ಒಂದೂ ಕೂಡಲಿಲ್ಲ. ನಾನು ‘ಮ’ ಅಂದಾಗ ಅವನ ಬಾಯಿ ಹಾ ಎಂದು ತೆರೆದಿರುತ್ತಿತ್ತು.

ಕೂಡುವುದಾದರೂ ಹೇಗೆ? ಬರೆದದ್ದನ್ನು ಅವನು ಯಾವತ್ತು ಹೇಳಿದ್ದ? ನಮ್ಮ ಕಂಪನಿಯಲ್ಲಿ ಹಾಸ್ಯದವರಿಗೆ ಬರೆದ ಮಾತು ಎಂದರೆ ಅಂಗಿ ತೂಗುಹಾಕುವ ಗೂಟ, ಅಂಗಿ ದಿನಕ್ಕೊಂದು. ಅವನು ಸರಾಗವಾಗಿ ಬೇರೆಯದೇ ಎಸೆಯುತ್ತಿದ್ದ, ನಾನು ಹಿಡಿಯುತ್ತಿದ್ದೆ. ನಮ್ಮಿಬ್ಬರಲ್ಲಿ ಕಟ್ಟಳೆ ಒಂದೇ. ಒಬ್ಬ ಏನಂದರೂ, ಅದು ಕೇಳಲಿ ಬಿಡಲಿ, ‘ಏನಂದಿ?’ ಎಂದು ಇನ್ನೊಬ್ಬ ಕೇಳಕೂಡದು. ಕೇಳಿದರೆ ಆಟ ಬಿತ್ತು. ಚಪ್ಪಾಳೆಯಲ್ಲಿ, ನಗೆಯಲ್ಲಿ ಅವನ ಅರ್ಧ ಮಾತು ನನಗೆ ಕೇಳುತ್ತಲೇ ಇರಲಿಲ್ಲ. ಮುಖ ನೋಡಿ ನಕ್ಕೋ, ಬೆನ್ನಿಗೆ ಗುದ್ದಿಯೋ ಮುಂದೆ ಸಾಗಿಸುತ್ತಿದ್ದೆ. ಲೋಂಡಾದಲ್ಲೂ ಹಾಗೇ ಮಾಡಿದ್ದೆ. ಹೀಗಾಗಿ ಎದುರಿಗೇ ಕೂತಿದ್ದ ನನಗೂ ಅವನೇನಂದ ಎಂದು ಗೊತ್ತಿರಲಿಲ್ಲ.

ಮಗ್ಗ ಶುರುವಾದವು, ದಿನ ಕೆಟ್ಟಿತು. ನಿರ್ದೇಶಕ ಬಂದು ನೋಡಿದ. “ಬಿಡ್ರಿ ಕಾಕಾ, ಈ ನಾಕೂ ತಗದ್ಬಿಡ್ತೀನಿ,” ಅಂದ. ಆ ನಾಲ್ಕರಲ್ಲಿ ಪ್ಲಾಟ್‌ಫಾರ್ಮಿನ ದೃಶ್ಯ ಇತ್ತು. ಮುದುಕರಿಬ್ಬರೂ ಒಬ್ಬ ಪ್ರಯಾಣಿಕಳಿಗೆ ಘಟ್ಟದ ಕಥೆಯೊಂದನ್ನು ಪಾಳಿಯ ಮೇಲೆ ಹೇಳುವ ದೃಶ್ಯ. ಅದು ಹೋದರೆ ಅವನ ಪಾತ್ರದ ಬೆನ್ನುಹುರಿಯೇ ಹೋಯಿತು, ಉಳಿದ ಏಳು ಇದ್ದೂ ಇಲ್ಲದಂತೆ.

ಅವನ ತುಟಿ ಓದಬಲ್ಲವರು ಒಬ್ಬರಿದ್ದರು. ಅದು ನನಗೆ ಮೊದಲ ದಿನವೇ ಹೊಳೆದಿತ್ತು. ಆದರೂ ಹೋಗಿರಲಿಲ್ಲ. ಅವನ ಹೆಂಡತಿ, ನಾನು ವೈನಿ ಎಂದು ಕರೆಯುವವರು, ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಪ್ರಾಂಪ್ಟರ್ ಆಗಿದ್ದರು. ರಂಗದ ಎಡಮಗ್ಗುಲಿನ ಪರದೆಯ ಮರೆಯಲ್ಲಿ ನಾಟಕದ ವಹಿ ಹಿಡಿದು ಕೂತು, ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ಹಾರ್ಮೋನಿಯಂ, ತಬಲಾ, ಮಂದಿಯ ಗದ್ದಲದಲ್ಲಿ ಅಲ್ಲಿ ಏನೂ ಕೇಳುವುದಿಲ್ಲ. ಗಂಡ ಎಲ್ಲಿ ವಹಿ ಬಿಟ್ಟು ಓಡಿದ, ಎಲ್ಲಿ ತಿರುಗಿ ಬರುತ್ತಾನೆ ಎಂಬುದನ್ನು ತುಟಿ ನೋಡಿಯೇ ತಿಳಿಯಬೇಕು. ಆದರೆ ಗಂಡನನ್ನು ಕಳೆದುಕೊಂಡವರ ಮುಂದೆ, ಬಾಯಿ ಆಡಿಸುವ ಮೂಕ ಗಂಡನನ್ನು ಒಯ್ದು ಇಡುವುದು ಹೇಗೆ? ತಿಥಿಯ ಊಟಕ್ಕೆ ಹೋಗಿ ಬಂದವನು ಮತ್ತೆ ಆ ಕಡೆ ತಲೆ ಹಾಕಿಯೂ ಇರಲಿಲ್ಲ. ಈಗ ಕೆಲಸ ಬಿದ್ದಾಗ ಹೋಗಬೇಕಲ್ಲ ಎಂಬ ನಾಚಿಕೆ ಬೇರೆ.

ಮೂರನೇ ದಿನ ಬೆಳಗ್ಗೆ ನಿರ್ದೇಶಕನ ಲ್ಯಾಪ್‌ಟಾಪ್ ಚೀಲದಲ್ಲಿ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಮನೆ ಮಲಪ್ರಭೆಯ ಘಾಟಿಗೆ ಹೋಗುವ ದಾರಿಯಲ್ಲಿದೆ. ವೈನಿ ಹೊಲಿಗೆ ಮಷೀನಿನ ಮುಂದಿದ್ದರು.

“ಬರ್ರಿ ಭಾವಜಿ, ಕುಂದರ್ರಿ. ಐದ ತಿಂಗಳಾತು. ದಾರಿ ಮರತಿದ್ರ್ಯಾ?”

“ಮರತಿರಲಿಲ್ರಿ ವೈನಿ. ತೋರಸಾಕ ಮಾರಿ ಇರಲಿಲ್ಲ.”

“ಇವತ್ತ ಬ್ಯಾರೇ ಮಾರಿ ತಂದೀರೇನು?” ಎಂದು ನಕ್ಕು ಚಹಾ ಇಟ್ಟರು.

ವಿಷಯ ಹೇಳಿದೆ. ಅವರು ಮಷೀನಿನ ಮೇಲಿದ್ದ ಬಟ್ಟೆ ಮಡಚಿಟ್ಟು ಕೈ ತೊಳೆದು ಬಂದು ಕೂತರು. “ಹಚ್ಚರಿ. ದನಿ ಬ್ಯಾಡ, ಬಂದ್ ಮಾಡ್ರಿ. ಗಾಡಿ ಸಪ್ಪಳ ಕೇಳಿದ್ರ ಕಣ್ಣು ಹಾದಿ ತಪ್ಪತಾವು.”

ಮೊದಲನೆಯದು ಚಹಾ ಅಂಗಡಿಯ ದೃಶ್ಯ. ಬರೆದ ಮಾತು ‘ಒಂದು ಚಹಾ ಎರಡು ಮಾಡಿ ಕೊಡಪ್ಪ’ ಎಂದಷ್ಟೇ. ವೈನಿ ಎರಡು ಸಲ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

“ಏನಂದಾನ್ರಿ?”

“‘ಒಂದ ಚಾ ಎರಡ ಮಾಡು. ಅರ್ಧಾ ಇವನ ಮುಂದಿಡು, ಪೂರಾ ನನ್ನ ಮುಂದಿಡು.’”

ಹೌದಲ್ಲ! ಪರದೆಯ ಮೇಲೆ ಚಹಾದವನು ತಬ್ಬಿಬ್ಬಾದದ್ದು ಅದಕ್ಕೇ. ಅವನದು ನಟನೆ ಎಂದು ನಾವೆಲ್ಲ ಹೊಗಳಿದ್ದೆವು. ಒಂದು ತಾಸಿನೊಳಗೆ ಮೂರು ದೃಶ್ಯ ಮುಗಿದವು. ಅವನು ಎಲ್ಲಿ ಮರಾಠಿಗೆ ಹಾರಿದ, ಎಲ್ಲಿ ಅಡಕೆ ಆ ಗಲ್ಲದಿಂದ ಈ ಗಲ್ಲಕ್ಕೆ ಸರಿಸಿದ, ಎಲ್ಲ ಹೇಳಿದರು. ನಾನು ಬರೆದುಕೊಂಡೆ. ಇಬ್ಬರೂ ಖುಷಿಯಲ್ಲಿದ್ದೆವು. ಹಳೆಯ ಕಂಪನಿಯಲ್ಲಿ ಹೊಸ ನಾಟಕ ಕೂಡಿಸುವಾಗ ಇರುತ್ತಿದ್ದ ಖುಷಿ ಅದು.

ನಾಲ್ಕನೆಯದು ಪ್ಲಾಟ್‌ಫಾರ್ಮು. ಕಥೆ ಅವನ ಪಾಳಿಗೆ ಬರುತ್ತದೆ. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿ ಏನೋ ಅನ್ನುತ್ತಾನೆ. ನಾನು ಗೊಳ್ಳೆಂದು ನಕ್ಕು, ಅವನ ಬೆನ್ನಿಗೆ ಗುದ್ದಿ, ಕಥೆ ಮುಂದುವರಿಸುತ್ತೇನೆ. ವೈನಿ ಒಂದು ಸಲ ನೋಡಿದರು. ಇನ್ನೊಮ್ಮೆ ಹಚ್ಚಲು ಹೇಳಿದರು. ಮೂರನೇ ಸಲ ಅರ್ಧಕ್ಕೇ ಎದ್ದು ಒಳಗೆ ಹೋದರು. ಬಂದಾಗ ಮುಖ ತೊಳೆದಿದ್ದರು.

“ಭಾವಜಿ, ಇದು ಪಾರ್ಟಿನ ಮಾತಲ್ಲ.”

“ಮತ್ತ?”

“‘ಉಸರಾಡಾಕ ಆಗವಲ್ದಲೇ. ಮುಂದಿಂದ ನೀ ಹೇಳು.’ ಹಿಂಗಂದಾರ.”

ಅರ್ಧಕ್ಕೆ ನಿಲ್ಲಿಸಿದ ಚಿತ್ರದಲ್ಲಿ ನಾನು ಬೆನ್ನು ಗುದ್ದುವ ಕೈ ಎತ್ತಿಕೊಂಡು, ಹಲ್ಲು ಬಿಟ್ಟುಕೊಂಡು ಕೂತಿದ್ದೆ. ಆ ಮಧ್ಯಾಹ್ನ ನೆನಪಾಯಿತು. ನಾಲ್ಕನೇ ಸಲ ತೆಗೆಯುತ್ತಿದ್ದರು, ಬಿಸಿಲು ಕಣ್ಣು ಕುಕ್ಕುತ್ತಿತ್ತು, ಗೂಡ್ಸ್ ಹಾಯುತ್ತಿತ್ತು. ಅವನು ಎದೆಗೆ ಕೈ ಒಯ್ದದ್ದನ್ನು ನೋಡಿ ಭಲೇ, ಹೊಸದೊಂದು ಹಾಕಿದ ಅಂದುಕೊಂಡು ಹಿಡಿದುಬಿಟ್ಟೆ. ಶಾಟ್ ಮುಗಿದ ಮೇಲೆ ಅವನು ಬೆಂಚಿನ ಮೇಲೆ ಬಹಳ ಹೊತ್ತು ಕೂತು ನೀರು ಕುಡಿದ. “ಬಿಸಲು,” ಅಂದ. ಅಷ್ಟೇ. ನಾನು ಹೂಂ ಅಂದೆ. ಒಂದೇ ಒಂದು ಸಲ ‘ಏನಂದಿ?’ ಎಂದು ಕೇಳಿದ್ದರೆ! ಆಟ ಬೀಳುತ್ತಿತ್ತು, ಬಿದ್ದರೆ ಬೀಳಲಿ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

“ನನಗ ಕೇಳಸಲಿಲ್ರಿ ವೈನಿ. ಆಟಾ ಅಂತ ತಿಳಕೊಂಡೆ,” ಅಂದೆ.

“ನಿಮಗ್ಯಾಕ ಅನ್ಲಿ? ನಿಮ್ಮ ಮುಂದರ ಹೇಳ್ಯಾರ. ಅದರ ನಂತರ ಇಪ್ಪತ್ತ ದಿನಾ ಈ ಮನ್ಯಾಗ ಇದ್ರು. ಇಲ್ಲೇ ಉಂಡ್ರು, ಇಲ್ಲೇ ಮಲಗಿದ್ರು. ನನ್ನ ಮುಂದ ಒಂದ ಮಾತ ಹೇಳಲಿಲ್ಲ. ಹೇಳಿದ್ರ ನಾ ಸುಮ್ಮ ಕುಂದರತಿದ್ನೇನು? ಬೆಳಗಾವಿಗೆ ಎಳಕೊಂಡ ಹೋಗತಿದ್ದೆ.”

ಅವರ ಸಿಟ್ಟು ನನ್ನ ಮೇಲಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಗಾಡಿಯ ಸಪ್ಪಳದಲ್ಲಿ ಕೇಳಲಾರದವನಿಗೆ ಹೇಳಿದ, ಬರಿ ತುಟಿ ನೋಡಿ ತಿಳಿಯಬಲ್ಲವಳ ಮುಂದೆ ತುಟಿ ಬಿಚ್ಚಲಿಲ್ಲ. ಅದು ಅವರ ಸಂಕಟ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಈ ದೃಶ್ಯ ಬೇಡ, ತೆಗೆಸಿಬಿಡುತ್ತೇನೆ ಅಂದೆ.

“ತಗಿಸಿದ್ರ ಅವರ ಪಾರ್ಟು ಉಳೀತೈತೇನು?”

“ಇಲ್ರಿ.”

ಅವರು ಮಷೀನಿನ ಚಕ್ರದ ಮೇಲೆ ಕೈಯಿಟ್ಟರು. ಪ್ರಾಂಪ್ಟರಿನ ಸ್ಪಷ್ಟ ದನಿಯಲ್ಲಿ ಹೇಳಿದರು: “ಮೊದಲನೇ ಮಾತು ಮಂದಿಗಲ್ಲ. ಅದನ್ನ ಹ್ಯಾಂಗರ ಮುಚ್ಚರಿ. ಎರಡನೇದ್ದು ಇರಲಿ. ‘ಮುಂದಿಂದ ನೀ ಹೇಳು.’ ಕಥಿಗೆ ಕೂಡತೈತಿ. ಬ್ಯಾರೇ ಮಾತು ಅವರ ತುಟಿಗೆ ಹಚ್ಚಬ್ಯಾಡ್ರಿ. ನಾಳೆ ನಾನೂ ಬರತೀನಿ.”

ಬೆಳಗಾವಿಗೆ ಮರಳಿ ನಿರ್ದೇಶಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಲ್ಲಿ ಬರೆದಿದ್ದ ನಗೆಮಾತು ಇಡೀ ದೃಶ್ಯದ ಕೀಲಿ ಎಂದು ತಿಂಗಳುಗಟ್ಟಲೆ ಹಟ ಹಿಡಿದಿದ್ದವನು, ಅದರ ಸುದ್ದಿಯನ್ನೇ ಎತ್ತಲಿಲ್ಲ. “ಗೂಡ್ಸ್ ಡಬ್ಬಿ ಹಾಯೂ ಶಾಟ್ ಒಂದ ಬಾಜೂ ಇಟ್ಟೀನಿ ಕಾಕಾ. ಮೊದಲಿನ ಮಾತಿನ ಮ್ಯಾಲೆ ಅದನ್ನ ಹಾಕತೀನಿ,” ಅಂದ. ಅಂದೇ ಕೂತು ಜೋಡಿಸಿ ತೋರಿಸಿದ. ಡಬ್ಬಿಗಳು ಒಂದರ ಹಿಂದೊಂದು ಹಾಯುತ್ತವೆ, ಕೊನೆಯ ಡಬ್ಬಿ ಸರಿದ ಮೇಲೆ ಅವನ ಮುಖ ಕಾಣುತ್ತದೆ. ಆಗ ಎರಡನೇ ಮಾತು, ಆಮೇಲೆ ನನ್ನ ನಗು.

ನಾಲ್ಕನೇ ದಿನ ವೈನಿ ಮೊದಲ ಬಸ್ಸಿಗೆ ಬಂದರು. ನೇಕಾರರು ಊಟಕ್ಕೆ ಎದ್ದ ಕೂಡಲೇ ಶುರು ಮಾಡಿದೆವು. ಮೂರು ದೃಶ್ಯ ಸರಸರ ಹೋದವು. ‘ಪೂರಾ ನನ್ನ ಮುಂದಿಡು’ ಬಂದಾಗ ಎಂಜಿನಿಯರ್ ನಕ್ಕ ನಗೆ ಗಾಜು ದಾಟಿ ಬಂತು. ಅಣಕವಲ್ಲ ಎಂದು ಆಗ ನನಗೂ ಗೊತ್ತಾಯಿತು.

ನಾಲ್ಕನೆಯದಕ್ಕೆ ಇಪ್ಪತ್ತು ನಿಮಿಷ ಉಳಿದಿತ್ತು. ಇದ್ದದ್ದು ಮೂರು ಶಬ್ದ. ಪೀಂ, ಪೀಂ, ಪೀಂ. “ಮುಂದಿಂದ ನೀ ಹೇಳು.” ಆಗಲಿಲ್ಲ. ಒಂದು ಸಲ ಗೋಗರೆದಂತಾಯಿತು, ಒಂದು ಸಲ ತಮಾಷೆಯಾಯಿತು. ಅಡಕೆ ತೆಗೆದೆ, ಮತ್ತೆ ಇಟ್ಟುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಹೆಡ್‌ಫೋನು ಸರಿಯಿಲ್ಲ ಅಂದೆ. ಹೆಡ್‌ಫೋನು ಸರಿಯಾಗಿಯೇ ಇತ್ತು. ಅದರಲ್ಲಿ ಪ್ರತಿ ಸಲವೂ ನನ್ನ ಮಾತಿನ ಬೆನ್ನಿಗೇ ನನ್ನದೇ ಹಳೆಯ ನಗು ಬಂದು ಅಪ್ಪಳಿಸುತ್ತಿತ್ತು. ಪರದೆಯ ಮೇಲೆ ನನ್ನ ಮುಖ ನಗುತ್ತಿರುವಾಗ ಆ ನಗುವನ್ನು ತೆಗೆಯುವಂತೆಯೂ ಇರಲಿಲ್ಲ. ಹನ್ನೊಂದು ಸಲ ಕೆಟ್ಟ ಮೇಲೆ ಎಂಜಿನಿಯರ್ ಗಡಿಯಾರ ನೋಡಿ, “ಕಾಕಾ, ಹತ್ತ ನಿಮಿಷ ಅದಾವ್ರಿ,” ಅಂದಳು.

ಆಗ ವೈನಿ ಬಾಗಿಲು ತೆಗೆದುಕೊಂಡು ಒಳಗೆ ಬಂದರು. ಯಾರನ್ನೂ ಕೇಳಲಿಲ್ಲ. ನನ್ನ ಎಡಮಗ್ಗುಲಿಗೆ, ಒಂದು ಹೆಜ್ಜೆ ಹಿಂದೆ, ಕಂಪನಿಯಲ್ಲಿ ಕೂರುತ್ತಿದ್ದ ಅಂತರದಲ್ಲಿ ನಿಂತರು. “ಪರದೆ ನೋಡಬ್ಯಾಡ್ರಿ. ನಾ ಕೊಟ್ಟದ್ದ ತಗೋರಿ,” ಅಂದರು.

ಪ್ರಾಂಪ್ಟರು ಮಾತು ಕೊಡುವಾಗ ಅದರಲ್ಲಿ ಅಳು ಇರಬಾರದು, ನಗೆ ಇರಬಾರದು. ಅಳು ನಗೆ ನಟನ ಕೆಲಸ. ಪೀಂ, ಪೀಂ, ಪೀಂ. ಡಬ್ಬಿಗಳು ಹಾಯತೊಡಗಿದವು. ಮೊದಲನೆಯ ಮಾತನ್ನು ಬಿಡುವುದೆಂದು ಅವರೇ ಹೇಳಿದ್ದರು. ಆದರೆ ನನ್ನ ಕಿವಿಯ ಹಿಂದೆ ಸಣ್ಣಗೆ, ಸಪ್ಪಗೆ, ಅಕ್ಷರ ಬಿಡಿಸಿ ಬಂದದ್ದು ಅದೇ:

“ಉಸರಾಡಾಕ ಆಗವಲ್ದಲೇ.”

ಕೊಟ್ಟದ್ದನ್ನು ಹೇಳುವುದು ಇಪ್ಪತ್ತೆರಡು ವರ್ಷದ ರೂಢಿ. ಹೇಳಿದೆ.

“ಮುಂದಿಂದ ನೀ ಹೇಳು.”

ಅದನ್ನೂ ಹೇಳಿದೆ. ಹೆಡ್‌ಫೋನಿನಲ್ಲಿ ನನ್ನ ನಗು ಬಂತು. ಬರಲಿ ಎಂದು ನಿಂತು ಪೂರ್ತಿ ಕೇಳಿಸಿಕೊಂಡೆ.

ಗಾಜಿನ ಆಚೆ ನಿರ್ದೇಶಕ ಎದ್ದು ನಿಂತಿದ್ದ. ಎಂಜಿನಿಯರ್ ಮೈಕಿನಲ್ಲಿ ಮೆಲ್ಲಗೆ, “ಎರಡನೇದ್ದು ಭಾಳ ಛಲೋ ಕುಂತೈತ್ರಿ. ಮೊದಲಿನ ಮಾತೂ ಹಿಡದೈತಿ, ಅಳಸ್ಲೇನ್ರಿ?” ಎಂದು ಕೇಳಿದಳು.

ನಾನು ವೈನಿಯ ಕಡೆ ನೋಡಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಇರಲಿ ಬಿಡವಾ. ಗಾಡಿ ಸಪ್ಪಳದಾಗ ಮಂದಿಗೆ ಕೇಳೂದಿಲ್ಲ,” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಈಗ ನನ್ನ ಮುಂದೂ ಹೇಳಿದಂಗಾತು ನೋಡ್ರಿ ಭಾವಜಿ,” ಅಂದರು.